ಕಣದಲ್ಲಿ ಗುನುಗಿದವರು

ದೆವ್ವ, ಪ್ರೇತ ಎನ್ನುವವರನ್ನು ಮುಖದ ಮೇಲೆಯೇ ‘ನಾನ್‌ಸೆನ್ಸ್’ ಎಂದು ಗದರಿದವಳು ನಾನು. ಕಾನ್ವೆಂಟಿನ ಸಿಸ್ಟರ್‌ಗಳು ಹಾಗೆ ಬೆಳೆಸಿದ್ದರು. ಇದನ್ನು ಓದಿ ನೀವೂ ನನಗೆ ಹಾಗೇ ಅಂದರೆ ತಕರಾರಿಲ್ಲ.

ಮೂರು ವರ್ಷದ ಹಿಂದೆ, ಸೋಮವಾರಪೇಟೆಯ ಬಳಿ ನಮ್ಮ ಪಕ್ಕದ ಎಸ್ಟೇಟಿನ ಹುಡುಗಿ ಶಿಲ್ಪಾ ಒಂದು ಪಾಪ್ ಆಲ್ಬಂ ರಿಲೀಸ್ ಮಾಡಿದಳು. ಮಂಜಿನೊಳಗಿಂದ ಬಂದಂಥ ಮೆಲುದನಿಯ, ವಿಷಾದದ ಹಾಡುಗಳು. ‘ಕಾರಣವಿಲ್ಲದೆ ಅಳಬೇಕೆನಿಸುವವರಿಗೆ’ ಎಂದು ಕೆಳಗೆ ಬರೆದಿದ್ದಳು. ಓದಿಯೇ ಮೈ ಉರಿಯಿತು. ಕಾರಣವಿಲ್ಲದೆ ಅಳುವುದು ಎಂಥ ಲಕ್ಷುರಿ! ಆದರೂ ಒಂದು ಮಧ್ಯಾಹ್ನ ಊಟ ಮುಗಿಸಿ ಹೆಡ್‌ಫೋನ್ ಹಾಕಿಕೊಂಡು ಕುಳಿತೆ.

ಮೂರನೆಯ ಹಾಡಿನಲ್ಲಿ, ಅವಳ ದನಿಯ ಹಿಂದೆ, ಕಣದಲ್ಲಿ ಒಣಹಾಕಿದ ಕಾಫಿಯನ್ನು ಯಾರೋ ಕಾಲಿನಿಂದ ಕೆದರುವ ಸದ್ದು. ಒಂದು ಹೆಜ್ಜೆ, ಒಂದು ಎಳೆತ. ಜೊತೆಗೊಂದು ಗುನುಗು. ಹಾಡನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದೆ. ಎಡಗಾಲು ಎಳೆದು ನಡೆಯುತ್ತಿದ್ದ ನನ್ನ ಗಿರಿಜಕ್ಕ ಕಾಫಿ ಕೆದರುತ್ತಿದ್ದುದು ಹಾಗೆ. ಆ ರಾಗ ಅವಳೇ ಕಟ್ಟಿಕೊಂಡದ್ದು. ಅವಳು ತೀರಿಕೊಂಡು ಆಗಲೇ ಹನ್ನೆರಡು ವರ್ಷ.

ಶಿಲ್ಪಾಳನ್ನು ಕರೆಸಿ ಬಾಯಿಗೆ ಬಂದಂತೆ ಬೈದೆ. ನಮ್ಮ ಮನೆಯ ಕ್ಯಾಸೆಟ್ ಯಾವಾಗ ಕದ್ದೆ ಎಂದೂ ಕೇಳಿದೆ. ಅಕ್ಕನ ದನಿಯ ಕ್ಯಾಸೆಟ್ಟೇ ನಮ್ಮಲ್ಲಿರಲಿಲ್ಲ ಎಂಬುದು ಆ ಸಿಟ್ಟಿನಲ್ಲಿ ಮರೆತುಹೋಗಿತ್ತು.

‘ಆಂಟಿ, ನಿಮ್ ಕಣದಲ್ಲೇ ರೆಕಾರ್ಡ್ ಮಾಡಿದ್ದು. ನೀವೇ ಪರ್ಮಿಷನ್ ಕೊಟ್ಟಿದ್ರಿ. ಗಾಳಿ, ಹಕ್ಕಿ ಸದ್ದು ಬೇಕಿತ್ತು, ಅಷ್ಟೆ. ಕಾಫಿ ಪಿಕಿಂಗ್ ಶುರುವಾಗಿರ್ಲಿಲ್ಲ, ಕಣ ಖಾಲಿ.’

‘ಹಾಗಾದ್ರೆ ಗುನುಗಿದ್ದು ಯಾರೇ, ನಿಮ್ಮಜ್ಜಿಯಾ?’

‘ನಂಗೇನ್ ಗೊತ್ತು? ಮನೆಗ್ ಹೋಗಿ ಕೇಳಿದ್ರೆ ಅದಿತ್ತು. ಲೈನ್‌ಮನೆ ಕೆಲ್ಸದೋರು ಯಾರೋ ಅಂದ್ಕೊಂಡೆ. ಚೆನ್ನಾಗಿತ್ತು, ಇಟ್ಕೊಂಡೆ. ಕೊನೇಲಿ ಯಾರೋ ಬೈತಾರೆ, ಅದನ್ನ ಮಾತ್ರ ಕಟ್ ಮಾಡ್ದೆ.’

ಕಟ್ ಮಾಡದ ಫೈಲನ್ನು ಹಾಕಿಸಿದೆ. ಕೊನೆಯಲ್ಲಿ ಗುನುಗನ್ನು ತುಂಡರಿಸಿ ಒಂದು ಹೆಣ್ಣುದನಿ ಹರಿತವಾಗಿ ಬಂತು: ‘ಅಕ್ಕಾ, ಸಾಕು ನಿಲ್ಸು. ಅವ್ರು ಬಂದ್ರು. ಒಳಗ್ ಬರ್ಬೇಡ.’

‘ಯಾರಾಂಟಿ ಅದು, ಅಷ್ಟು ರೂಡ್ ಆಗಿ?’ ಎಂದಳು ಶಿಲ್ಪಾ.

ಅದು ನಾನು. ನನ್ನನ್ನು ಹೆಣ್ಣು ನೋಡಲು ಬಂದ ದಿನ. ಮದುವೆಯಾಗದ ಅಕ್ಕ, ಅದೂ ಕಾಲು ಎಳೆಯುವವಳು, ಗಂಡಿನ ಕಡೆಯವರ ಕಣ್ಣಿಗೆ ಬೀಳಬಾರದೆಂದು ಮನೆಯವರು ಅವಳನ್ನು ಇದೇ ಕಣಕ್ಕೆ ಕಳಿಸಿದ್ದರು. ಬಾಯಿ ಮುಚ್ಚಿಸಲು ಹೋದವಳು ನಾನು. ಆಮೇಲೆ ಅವಳು ಬದುಕಿರುವವರೆಗೂ ಗುನುಗಲಿಲ್ಲ.

ಇಪ್ಪತ್ತೆರಡರ ವಯಸ್ಸಿನ ನನ್ನ ದನಿ ಈ ಹುಡುಗಿಯ ಫೋನಿನೊಳಗೆ ಹೇಗೆ ಬಂತು? ಇವತ್ತಿಗೂ ನನ್ನ ಬುದ್ಧಿಗೆ ಹೊಳೆದಿಲ್ಲ. ನನ್ನ ಮುಖ ನೋಡಿ ಶಿಲ್ಪಾ, ಹಾಡನ್ನೇ ತೆಗೆದುಹಾಕಲಾ ಎಂದು ಕೇಳಿದಳು. ಬೇಡ, ಆ ಬೈಗುಳವನ್ನೂ ಸೇರಿಸು ಎಂದೆ.

‘ಮೂಡ್ ಹಾಳಾಗುತ್ತೆ ಆಂಟಿ.’

ಹಾಳಾಗಲಿ ಎಂದೆ. ಅಕ್ಕನ ಹಾಡು ನಿಂತದ್ದೂ ಅಲ್ಲಿಯೇ.