ಹಲ್ಲಿನ ಸೆಟ್ಟಿನಡಿಯ ಧೋತರ

ರೇವವ್ವನ ಕೆಳಗಿನ ಹಲ್ಲಿನ ಸೆಟ್ಟು ಮೊದಲ ಸಲ ಬಾಯಿಂದ ಹೊರಗೆ ಬಿದ್ದದ್ದು ಗಂಡನ ಹೆಣದ ಮುಂದೆ.

ಗುಡಗೇರಿಯ ಮನೆಯ ಪಡಸಾಲೆಯಲ್ಲಿ ಶಂಕ್ರಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಮಾಲೆ. ಭಜನೆಯವರು ಒಂದು ಕಡೆ, ಹೆಂಗಸರು ಒಂದು ಕಡೆ. ಅಲ್ಲಿ ಸುಮ್ಮನೆ ಅತ್ತರೆ ಆಗುವುದಿಲ್ಲ. ಸತ್ತವನ ಗುಣ ಒಂದೊಂದೇ ಹೇಳಿ, ಹಾಡಿದ ಹಾಗೆ ಎಳೆದು ಅಳಬೇಕು. ರೇವವ್ವ ಬಾಯಿ ತೆರೆದಳು. ಎರಡನೆಯ ಮಾತಿಗೇ ಸೆಟ್ಟು ಎದ್ದು ತುಟಿ ದಾಟಿ ಶಂಕ್ರಪ್ಪನ ತೊಡೆಯ ಮೇಲೆ ಬಿತ್ತು. ಯಾರೂ ನಗಲಿಲ್ಲ. ಒಬ್ಬಳು ಸೆರಗಿನಲ್ಲಿ ಅದನ್ನೆತ್ತಿ ಅವಳ ಕೈಗೆ ಕೊಟ್ಟಳು. ರೇವವ್ವ ಬಾಯಿ ಮುಚ್ಚಿದಳು. ಮಣ್ಣು ಕೊಟ್ಟು ಎಲ್ಲರೂ ತಿರುಗಿ ಬರುವವರೆಗೂ ತೆರೆಯಲಿಲ್ಲ.

ಮಾತಾಡಿಸಲು ಬರುವವರು ಬರುತ್ತಲೇ ಇದ್ದರು. ಅವರಿಗೆ ಉತ್ತರ ಕೊಡಬೇಕಲ್ಲ. ಆಕೆ ಟ್ರಂಕಿನಿಂದ ಗಂಡನ ಧೋತರ ತೆಗೆದಳು. ಒಗೆದು ಒಗೆದು ಬೆಣ್ಣೆಯಾಗಿದ್ದ ಅರಿವೆ. ಅಂಚಿನಿಂದ ಒಂದು ತುಂಡು ಕತ್ತರಿಸಿ, ಮಡಿಸಿ, ಸುತ್ತಲೂ ಸಣ್ಣಗೆ ಹೊಲಿದು, ಸೆಟ್ಟಿನಡಿ ಇಟ್ಟು ಬಾಯಿಗೆ ಹಾಕಿಕೊಂಡಳು. ಕೂತಿತು. ಮಾತಾಡಿದಳು. ಬೀಳಲಿಲ್ಲ.

ರೇವವ್ವ ಕೌದಿ ಹೊಲಿಯುವವಳು. ಊರ ಹೆಂಗಸರು ಹರಿದ ಸೀರೆ ತಂದು ಹಾಕುತ್ತಾರೆ, ಆಕೆ ಪದರದ ಮೇಲೆ ಪದರ ಇಟ್ಟು ಹೊದಿಕೆ ಮಾಡಿ ಕೊಡುತ್ತಾಳೆ. ಎಲ್ಲಿ ತೆಳುವಾಗಿದೆಯೋ ಅಲ್ಲಿ ಇನ್ನೊಂದು ಪದರ ಇಡುವುದು ಅವಳ ಕೈಗೆ ಅಂಟಿದ ಬುದ್ಧಿ. ಬಾಯಿಗೂ ಅದನ್ನೇ ಮಾಡಿದಳು.

ಹಿಂದೆ ಅವಳಿಗೂ ಹಲ್ಲಿದ್ದವು. ದಾರ ಕಡಿಯಲು ಕತ್ತರಿ ಹುಡುಕಿದವಳಲ್ಲ. ಆಮೇಲೆ ಸಕ್ಕರೆ ಕಾಯಿಲೆ ಬಂತು, ವಸಡು ಬಾತು ಹಲ್ಲೆಲ್ಲ ಅಲುಗಾಡಿದವು. ಎಲ್ಲ ತೆಗೆಸಿ ಸೆಟ್ಟು ಹಾಕಿಸಿದರು. ಮೇಲಿನದು ಅಂಗುಳಕ್ಕೆ ಅಂಟಿ ನಿಂತಿತು. ಕೆಳಗಿನದು ಮಾತ್ರ ಮೊದಲಿನಿಂದಲೂ ಕಟ್ಟದೆ ಬಿಟ್ಟ ಮೇಕೆಯ ಹಾಗೆ.

"ನಿನ್ನ ಹಲ್ಲು ನಿನಗಿಂತ ಮೊದಲ ಮಾತಾಡತಾವಲೇ," ಅನ್ನುತ್ತಿದ್ದ ಶಂಕ್ರಪ್ಪ.

ಈಗ ಮನೆಯಲ್ಲಿ ಇಬ್ಬರೇ ಹೆಂಗಸರು. ಇನ್ನೊಬ್ಬಳು ಅತ್ತೆ ಗುರವ್ವ, ಶಂಕ್ರಪ್ಪನ ತಾಯಿ. ಎಂಬತ್ತು ದಾಟಿದವಳು. ಅವಳ ಬಾಯಲ್ಲಿ ಇನ್ನೂ ಸ್ವಂತ ಹಲ್ಲಿವೆ, ಶೇಂಗಾ ಕಡಿಯುತ್ತಾಳೆ. ಸೊಸೆ ರೊಟ್ಟಿಯನ್ನು ಸಾರಿನಲ್ಲಿ ಕಿವುಚುವುದನ್ನು ನೋಡುತ್ತ ಬೇಕೆಂದೇ ಕಟಕಟ ಅನ್ನಿಸುತ್ತಾಳೆ.

"ಸದ್ದ ಮಾಡಬ್ಯಾಡ್ರಿ ಅತ್ತಿ."

"ಹಲ್ಲ ಇದ್ದ ಮ್ಯಾಲ ಸದ್ದ ಆಗತೈತಿ. ನಿನ್ನಂಗ ಕೂಸಿನ ಊಟ ಉಣ್ಣಲೇನ?"

ಬಟ್ಟೆ ಇಟ್ಟು ಎರಡು ಮಳೆಗಾಲ ಕಳೆದವು. ತುಂಡು ಹಾಳಾದಂತೆ ಧೋತರದಿಂದ ಹೊಸ ತುಂಡು. ಮೊದಲು ಒಂದು ಮಡಿಕೆ ಸಾಕಿತ್ತು. ಆಮೇಲೆ ಎರಡು, ಆಮೇಲೆ ನಾಲ್ಕು. ಯಾಕೆ ಹೆಚ್ಚಬೇಕಾಯಿತು ಎಂದು ಅವಳು ಕೇಳಿಕೊಳ್ಳಲಿಲ್ಲ. ಒಂದು ದಿನ ಅಗಿಯುವಾಗ ಕೆಳತುಟಿಗೆ ಕರೆಂಟು ಹೊಡೆದ ಹಾಗಾಯಿತು. ಬರಬರುತ್ತ ಗದ್ದದ ಒಂದು ಬದಿ ಮರಗಟ್ಟಿತು. ಸಾರು ಸೋರಿದರೂ ತಿಳಿಯುತ್ತಿರಲಿಲ್ಲ.

ಮಗಳು ಮಹಾನಂದಾಳನ್ನು ಕುಂದಗೋಳಕ್ಕೆ ಕೊಟ್ಟಿದ್ದರು. ಅವಳು ಬಂದವಳು ತಾಯಿಯ ಗದ್ದದ ಮೇಲಿನ ಸಾರು ಒರೆಸಿದಳು. ಮರುದಿನವೇ ರೈಲು ಹತ್ತಿಸಿ ಹುಬ್ಬಳ್ಳಿಗೆ ಕರೆದುಕೊಂಡು ಹೋದಳು.

ಹಲ್ಲಿನ ಡಾಕ್ಟರು ಸುನೀತಾ ಎಂಬ ಹೆಣ್ಣುಮಗಳು. ಸೆಟ್ಟು ತೆಗೆದಾಗ ಅದರ ಹಿಂದೆ ಒದ್ದೆ ಅರಿವೆ ತಟ್ಟೆಗೆ ಬಿತ್ತು.

"ಇದೇನ್ರಿ ಅವ್ವಾರ?"

ಮಹಾನಂದಾ ಬಗ್ಗಿ ನೋಡಿದಳು. ಅಂಚಿನ ಕೆಂಪು ಗೆರೆ ಗುರುತು ಹತ್ತಿತು.

"ಅಪ್ಪನ ಧೋತರ ಅಲ್ಲೇನಬೇ ಇದು?"

ಡಾಕ್ಟರು ಬಯ್ಯಲಿಲ್ಲ. ದವಡೆಯ ಫೋಟೋ ತೆಗೆಸಿ ಪರದೆಯ ಮೇಲೆ ತೋರಿಸಿದಳು. ಮೇಲಿನ ಎಲುಬು ದಪ್ಪಗಿತ್ತು. ಕೆಳಗಿನದು ಹಿಂದೆ ಹಿಂದೆ ಹೋದಂತೆ ತೆಳುವಾಗಿ, ಸವೆದ ಕುಡುಗೋಲಿನ ಹಾಗೆ ಕಾಣುತ್ತಿತ್ತು.

"ಹಲ್ಲ ಹೋದ ಮ್ಯಾಲ ದವಡಿ ಎಲುಬಿಗೆ ಕೆಲಸ ಇರೂದಿಲ್ರಿ. ತಾನ ಸವಕೋಂತ ಹೋಗತೈತಿ. ಅದರ ಮ್ಯಾಲ ನೀವು ಹಗಲೂ ರಾತ್ರಿ ಅರಿವಿ ಒತ್ತಿ ಇಟ್ಟೀರಿ. ಅರ್ಧ ತಾನ ಸವದೈತಿ, ಅರ್ಧ ನೀವು ಸವಸೀರಿ. ಒಳಗ ಇರಬೇಕಾದ ನರ ಈಗ ಮ್ಯಾಲ ಬಂದೈತಿ. ನಿಮ್ಮ ಸೆಟ್ಟು ಅದರ ಮ್ಯಾಲ ಕುಂತೈತ್ರಿ."

"ಮೆತ್ತನ್ನ ಅರಿವಿ ಇತ್ರಿ," ಅಂದಳು ರೇವವ್ವ.

"ಮೆತ್ತಗಿದ್ದರೂ ಒತ್ತತೈತ್ರಿ."

ಮಹಾನಂದಾ ಮುಂದಿನ ಮಾತಿಗೆ ಬಂದಳು. "ಸ್ಕ್ರೂ ಹಾಕಿ ಹಲ್ಲ ಕೂಡಸತಾರಂತಲ್ರಿ. ಅದನ್ನ ಮಾಡ್ರಿ."

"ಸ್ಕ್ರೂ ಹಿಡಕೊಳ್ಳಾಕ ಎಲುಬು ಬೇಕ್ರಿ. ಹಿಂದಿನ ಜಾಗದಾಗ ಇಲ್ಲ. ತುಂಬಬೇಕು. ಎಲುಬಿನ ಪುಡಿ ಬರತೈತಿ, ಭಾಳ ಮಂದಿಗೆ ಹಾಕತೀವಿ. ಆದರ ಮೊದಲ ಹೇಳಿಬಿಡತೀನಿ. ಅದು ದನದ ಎಲುಬಿಂದ ಮಾಡಿದ್ದು."

ರೇವವ್ವನ ಕೈ ಕೊರಳಿನ ಲಿಂಗದ ಮೇಲೆ ಹೋಯಿತು. "ಬ್ಯಾಡ್ರಿ."

"ಯವ್ವಾ, ಅದನ್ನ ಕಾಯಿಸಿ ಪೂರಾ ಸ್ವಚ್ಛ ಮಾಡಿರತಾರಬೇ."

"ಪ್ರಸಾದ ತಗೊಳ್ಳೂ ಬಾಯಿ ಇದು. ಬ್ಯಾಡ ಅಂದ್ನೆಲ್ಲ."

ಡಾಕ್ಟರು ಒತ್ತಾಯ ಮಾಡಲಿಲ್ಲ. ಪುಡಿಯೊಂದರಿಂದಲೇ ಇಷ್ಟು ದೊಡ್ಡ ತಗ್ಗು ತುಂಬುವುದೂ ಕಷ್ಟ ಅಂದಳು. ಇನ್ನೊಂದು ದಾರಿ, ಅವಳದೇ ಟೊಂಕದ ಎಲುಬು ಕತ್ತರಿಸಿ ದವಡೆಗೆ ಕೂಡಿಸುವುದು. ಅದಕ್ಕೆ ಪೂರ್ತಿ ಎಚ್ಚರ ತಪ್ಪಿಸಬೇಕು, ಎರಡು ಕಡೆ ಗಾಯ ಮಾಯಬೇಕು. "ನಿಮ್ಮ ಶುಗರ್ ನೋಡಿದರ ನನಗ ಧೈರ್ಯ ಬರೂದಿಲ್ರಿ," ಅಂದಳು.

"ಮತ್ತ?" ಮಹಾನಂದಾ ಕೇಳಿದಳು.

"ಗದ್ದದ ಮುಂದ ಇನ್ನೂ ಎಲುಬು ಉಳದೈತಿ. ಅಲ್ಲಿ ಎರಡ ಸ್ಕ್ರೂ ಹಾಕಬಹುದು. ಜಂಪರಿಗೆ ಟಿಚ್ ಬಟನ್ ಹಚ್ಚತೀರಲ್ರಿ, ಹಂಗ ಸ್ಕ್ರೂ ಮ್ಯಾಲ ಒಂದ ಗುಂಡಿ, ಸೆಟ್ಟಿನ ಒಳಗ ಒಂದ ಗುಂಡಿ. ಒತ್ತಿದರ ಕೂಡತೈತಿ."

ರೇವವ್ವ ಮೊದಲ ಸಲ ತಲೆ ಎತ್ತಿ ಡಾಕ್ಟರ ಮುಖ ನೋಡಿದಳು. ಇದು ಅವಳಿಗೆ ತಿಳಿಯುವ ಕೆಲಸ.

ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ಇವತ್ತಿನಿಂದ ಅರಿವೆ ಬಿಡಬೇಕು. ಒಳಗೆ ಹುಣ್ಣಾಗಿದೆ, ಅದು ಮಾಯುವವರೆಗೆ ಕೆಳಗಿನ ಸೆಟ್ಟೂ ಹಾಕಬಾರದು. ಸಕ್ಕರೆ ಇಳಿಯಬೇಕು. ಸ್ಕ್ರೂ ಹಾಕಿದ ಮೇಲೆ ಎಲುಬು ಅದನ್ನು ಹಿಡಿಯಲು ತಿಂಗಳುಗಟ್ಟಲೆ ಕಾಯಬೇಕು. ಹಿಡಿಯದೆಯೂ ಹೋಗಬಹುದು. ದವಡೆ ತೆಳುವಾಗಿದೆ, ಬಿರುಕು ಬಿಟ್ಟರೂ ಬಿಟ್ಟೀತು.

"ಏನೂ ಮಾಡದ ಬಿಟ್ಟರ?" ರೇವವ್ವ ಕೇಳಿದಳು.

"ಒಳಗ ಮೆತ್ತನ್ನ ಪದರ ಇರೂ ಹೊಸಾ ಸೆಟ್ಟ ಮಾಡಿ ಕೊಡತೀನಿ. ನೋವು ಕಡಿಮಿ ಆದೀತು. ಎಲುಬು ಸವಿಯೂದು ನಿಲ್ಲೂದಿಲ್ಲ. ತಡಾ ಮಾಡಿದರ ಮುಂದಿನ ಎಲುಬೂ ಹೋಗತೈತ್ರಿ."

ರೈಲಿನಲ್ಲಿ ರೇವವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಒಂದು ದಾರಿಗೆ ಲಿಂಗ ಅಡ್ಡ, ಒಂದಕ್ಕೆ ಸಕ್ಕರೆ ಅಡ್ಡ. ಉಳಿದ ದಾರಿ, ದವಡೆ ಮುರಿದೀತು ಅನ್ನುವ ಹೆದರಿಕೆಯದು. ಸುಮ್ಮನೆ ಕೂತರೆ ಬಾಯೊಳಗೇ ಅವಳು ಸವೆದು ಹೋಗುತ್ತಿದ್ದಳು. ಎದ್ದು ಹೊರಗೆ ಹೋಗಲು ಇದು ಮನೆಯಲ್ಲ, ಸ್ವಂತ ದವಡೆ.

ಖಾಲಿ ಬಾಯಿಯ ದಿನಗಳು ಶುರುವಾದವು. ಕೆಳತುಟಿ ಒಳಗೆ ಸೇರಿತು. ಗದ್ದ ಮೂಗಿನ ಹತ್ತಿರ ಬಂತು. ಅಂಗಡಿಯಲ್ಲಿ ಸೂಜಿ ಕೇಳಿದರೆ "ಏನಂದ್ರಿ, ಏನಂದ್ರಿ?" ಅನ್ನುತ್ತಿದ್ದರು. ಆಕೆ ಅಂಗಡಿಗೆ ಹೋಗುವುದನ್ನು ಬಿಟ್ಟಳು. ಸೀರೆ ತಂದವರಿಗೆ ತಲೆಯಾಡಿಸಿ ಉತ್ತರ ಕೊಟ್ಟಳು. ಕೆಲವರು ಗಂಡನ ದುಃಖ ಇನ್ನೂ ಇಳಿದಿಲ್ಲ ಅಂದುಕೊಂಡರು. ದುಃಖ ಇಳಿದಿರಲಿಲ್ಲ, ಅದು ಬೇರೆ ಮಾತು.

ಒಂದು ಮುಂಜಾನೆ ರೂಬಿನಾ ಎಂಬ ಹುಡುಗಿ ಬಂದಳು. ಚೊಚ್ಚಲ ಕೂಸಿಗೆ ಕೌದಿ ಬೇಕಾಗಿತ್ತು. ಹತ್ತಾರು ತುಂಡು ಮುಂದೆ ಹರಡಿ, ಯಾವುದು ಮೇಲೆ, ಯಾವುದು ಒಳಗೆ, ಒಂದೊಂದೇ ಕೇಳಿದಳು. ತಲೆಯಾಡಿಸಿ ಮುಗಿಸುವ ಮಾತಲ್ಲ ಅದು. ರೇವವ್ವ ಒಳಗೆ ಹೋದಳು. ಟ್ರಂಕು ತೆರೆದಳು. ಹೊರಗೆ ಬಂದಾಗ ಬಾಯಿ ತುಂಬಿತ್ತು, ಮಾತು ಸ್ವಚ್ಛವಾಗಿತ್ತು.

ಆಮೇಲೆ ದಿನಾ ಒಂದು ಗಳಿಗೆ. ಆಮೇಲೆ ಎರಡು. ಮಾಯುತ್ತಿದ್ದ ಹುಣ್ಣು ಮತ್ತೆ ಬಾಯಿ ಬಿಟ್ಟಿತು.

ಅರಿವೆಯ ಸಂಗತಿ ಮಹಾನಂದಾಳಿಂದ ತಿಳಿದಿದ್ದ ಗುರವ್ವ ಮಗನ ಧೋತರ ಹುಡುಕಿದ್ದು ಆ ವಾರವೇ. ಟ್ರಂಕಿನಲ್ಲಿ ಅಂಗೈಯಗಲದ ಚೂರು ಉಳಿದಿತ್ತು.

"ಉಳದದ್ದೆಲ್ಲೈತಿ?"

"ಹಳೇದಾಗಿತ್ರಿ ಅತ್ತಿ."

"ಹಳೇದು ನಾನೂ ಆಗೀನಿ. ನನ್ನನ್ನೂ ಕತ್ತರಸ್ತಿಯೇನ? ಬಾಯಿ ತೆಗಿ."

ರೇವವ್ವ ತೆಗೆಯಲಿಲ್ಲ. ಮುದುಕಿ ಹತ್ತಿರ ಬಂದು ಗದ್ದ ಹಿಡಿದಳು. ಗದ್ದದ ಮರಗಟ್ಟಿದ ಬದಿಗೆ ಸ್ಪರ್ಶವೇ ತಿಳಿಯಲಿಲ್ಲ, ಆದರೂ ಬಾಯಿ ತೆರೆಯಿತು. ಗುರವ್ವ ಬೆರಳು ಹಾಕಿ ಸೆಟ್ಟು ಎತ್ತಿ ಅರಿವೆ ಎಳೆದಳು. ಬಿಳಿ ಅರಿವೆಗೆ ರಕ್ತ ಹತ್ತಿತ್ತು. ಬಹಳ ಹೊತ್ತು ಅದನ್ನು ಅಂಗೈಯಲ್ಲಿ ಹಿಡಿದು ನೋಡಿದಳು.

"ಇದ್ದಾಗ ನಿನ್ನ ಬಾಯಿ ಮುಚ್ಚಸಾಕ ಅವನ ಕೈಲೆ ಆಗಲಿಲ್ಲ," ಅಂದಳು. "ಸತ್ತ ಮ್ಯಾಲ ಮುಚ್ಚಸಾಕತ್ಯಾನ ನೋಡಬೇ."

ರೇವವ್ವನಿಗೆ ನಗು ಬಂತು. ಹಲ್ಲಿಲ್ಲದ ನಗು, ಹೊರಗೆ ಬರುವಾಗ ಏನೇನೋ ಆಗಿ ಬಂತು. ಗುರವ್ವ ಅವಳನ್ನು ಹಾಗೇ ಬಿಟ್ಟಳು. ಹೋಗಿ ಅರಿವೆ ಒಗೆದಳು. ಒಣಗಿದ ಮೇಲೆ ಅದನ್ನೂ ಟ್ರಂಕಿನ ಚೂರನ್ನೂ ಸೇರಿಸಿ ತನ್ನ ಸೊಂಟದ ಚೀಲಕ್ಕೆ ತುರುಕಿದಳು.

"ಇನ್ನ ಕೇಳಬ್ಯಾಡ. ನಿನ್ನ ಗಂಡ ಆಗೂಕಿಂತ ಮೊದಲ ನನ್ನ ಮಗ ಆಗಿದ್ದ. ನೀ ಹುಬ್ಬಳ್ಳಿಗೆ ಹೋಗು."

"ದವಡಿ ಮುರದರ?"

"ಮುರದರ ಗಂಜಿ ಕುಡಿ. ಈಗೇನ ಕಡಕ್ ರೊಟ್ಟಿ ಮುರಕೊಂಡ ತಿನ್ನಾಕತ್ತೀಯೇನ?"

ಹುಣ್ಣು ಮಾಯಿತು. ಸಕ್ಕರೆ ಇಳಿಯಿತು. ಮುಂಗಾರಿ ಬಿತ್ತನೆಯ ಹೊತ್ತಿಗೆ ಡಾಕ್ಟರು ಗದ್ದದ ಮುಂದೆ ಎರಡು ಸ್ಕ್ರೂ ಕೂಡಿಸಿದಳು. ನೋವಾಗಲಿಲ್ಲ. ಸದ್ದು ಮಾತ್ರ ತಲೆಯೊಳಗೆಲ್ಲ ತಿರುಗಿತು. ಎಲ್ಲಿ ಚಟ್ ಅಂದೀತೋ ಎಂದು ಕುರ್ಚಿಯ ಹಿಡಿಕೆ ಹಿಡಿದು ಕಾದಳು. ಅನ್ನಲಿಲ್ಲ.

ಮತ್ತೆ ಖಾಲಿ ಬಾಯಿ. ಹೊಲಗಳಲ್ಲಿ ಹೆಸರು ಕಿತ್ತರು, ಜೋಳ ಬಿತ್ತಿದರು, ಅವಳು ಗಂಜಿ ಕುಡಿದಳು. ಈ ಸಲ ಅಂಗಡಿಗೆ ಹೋದಳು. "ಏನಂದ್ರಿ?" ಅಂದರೆ ಮತ್ತೊಮ್ಮೆ ಅಂದಳು.

ಎಲುಬು ಹಿಡಿದಿದೆಯೋ ಇಲ್ಲವೋ ನೋಡುವ ದಿನ ಡಾಕ್ಟರು ಎಡಗಡೆಯದನ್ನು ಮುಟ್ಟಿದಳು. ಗಟ್ಟಿ. ಬಲಗಡೆಯದನ್ನು ಮುಟ್ಟಿದಳು. ಅಲುಗಾಡಿತು. ಮತ್ತೊಮ್ಮೆ ಮುಟ್ಟಿದಳು. ಆಮೇಲೆ ಹೆಚ್ಚು ಬಲ ಹಾಕದೆಯೇ ಅದನ್ನು ತಿರುಗಿಸಿ ತೆಗೆದಳು.

"ಇದು ಹಿಡೀಲಿಲ್ರಿ ಅವ್ವಾರ. ಇದರ ಜಾಗಾಕ್ಕ ಇನ್ನೊಂದ ಹಾಕಾಕ ನನಗ ಹೆದರಿಕಿ. ದವಡಿ ತಡಿಯೂದಿಲ್ಲ."

"ಹಂಗಾದರ ಎಲ್ಲಾ ಹೋತೇನ್ರಿ?" ಮಹಾನಂದಾ ಕೇಳಿದಳು.

"ಒಂದ ಗುಂಡಿ ಮ್ಯಾಲೂ ಸೆಟ್ಟ ಕೂಡಸಬಹುದು. ಎರಡರಷ್ಟ ಗಟ್ಟಿ ಇರೂದಿಲ್ಲ. ಅತ್ತಿತ್ತ ತಿರಗತೈತಿ. ಆದರ ಎದ್ದ ಬರೂದಿಲ್ಲ."

ರೇವವ್ವ ಬಾಯಿಯ ರಕ್ತ ಒರೆಸಿಕೊಂಡಳು. "ಒಂದ ಉಳದರ ನಡೀತೈತೇನ್ರಿ?"

ಮಹಾನಂದಾ ಬೇರೆ ಕಡೆ ನೋಡಿದಳು.

"ನಡಸಬೇಕ್ರಿ," ಅಂದಳು ಡಾಕ್ಟರು. "ಅದೂ ಎಷ್ಟ ವರ್ಷ ಅಂತ ಹೇಳಾಕ ಬರೂದಿಲ್ಲ."

ಆ ಗಾಯ ಮಾಯ್ದ ಮೇಲೆ ಹೊಸ ಸೆಟ್ಟು ಬಂತು. ಒತ್ತಿದಾಗ ಸಣ್ಣ ಸದ್ದಾಗಿ ಕೂತಿತು. ಮನೆಗೆ ಬಂದ ಮಧ್ಯಾಹ್ನ ರೇವವ್ವ ರೊಟ್ಟಿಯನ್ನು ಸಾರಿಗೆ ಹಾಕಲಿಲ್ಲ. ಮೆತ್ತಗಿನ ನಡುಭಾಗ ಮುರಿದು ಪಲ್ಲೆ ಹಚ್ಚಿ ಎಡದವಡೆಗೆ ಇಟ್ಟಳು. ಕಡಿದಳು. ಸೆಟ್ಟು ಬಲಕ್ಕೆ ವಾಲಿತು. ಅವಳು ನಿಲ್ಲಿಸಿ ನಾಲಿಗೆಯಿಂದ ಅದನ್ನು ತಡೆದು ಹಿಡಿದಳು. ಎದ್ದು ಬರಲಿಲ್ಲ. ಗದ್ದದ ಜೋಮು ಹಾಗೇ ಇತ್ತು. ಅದು ಹೋಗುವುದಿಲ್ಲ ಎಂದು ಹೇಳಿಯೇ ಕಳಿಸಿದ್ದರು.

ಗುರವ್ವ ತನ್ನ ಊಟದ ಗಂಗಾಳ ಮುಂದಿಟ್ಟುಕೊಂಡು ಇದನ್ನೇ ನೋಡುತ್ತಿದ್ದಳು.

"ಐತೇನ?"

"ಐತ್ರಿ."

"ಗಟ್ಟಿ ಐತೇನ?"

ರೇವವ್ವ ಬಾಯಲ್ಲಿದ್ದುದನ್ನು ನುಂಗಿದಳು. ಬಹಳ ಹೊತ್ತು ಹಿಡಿಯಿತು.

"ಇರೂತನಕ ಐತ್ರಿ," ಅಂದು ಇನ್ನೊಂದು ತುತ್ತು ಮುರಿದಳು.