ಓರೆ ಅಕ್ಷರದ ಬಯೋಡೇಟಾ

ಬಯೋಡೇಟಾಕ್ಕೆ ಯಾವ ಅಕ್ಷರ ಚಂದ ಎಂದು ನಾನು ಮೂರು ದಿನ ಒದ್ದಾಡಿದ್ದೆ ಎಂದರೆ ಈಗಿನವರು ನಗುತ್ತಾರೆ. ನಗಲಿ. ಎಂಬತ್ತರ ದಶಕದ ಆರಂಭ ಅದು. ಬಿಜೈಯಲ್ಲಿ ನಾನು ಕಲಿಯುತ್ತಿದ್ದ ಟೈಪಿಂಗ್ ಕ್ಲಾಸಿನಲ್ಲಿ ಒಂಬತ್ತು ಮಾಮೂಲಿ ಯಂತ್ರಗಳಿದ್ದವು. ಹತ್ತನೆಯದು ಟೀಚರ ತಮ್ಮ ಅವರಿಗೆ ಕುವೈಟಿನಿಂದ ತಂದುಕೊಟ್ಟದ್ದು. ಅದರ ಇಂಗ್ಲಿಷ್ ಅಕ್ಷರಗಳು ಕೈಬರಹದಂತೆ ಓರೆಯಾಗಿ, ಒಂದಕ್ಕೊಂದು ತಾಗಿಕೊಂಡು ಬೀಳುತ್ತಿದ್ದವು. ಅದನ್ನು ಟೀಚರ್ ಬಿಟ್ಟು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ನಾನು ಅರ್ಜಿ ಹಾಕಬೇಕಿದ್ದದ್ದು ಬಂದರಿನ ಹತ್ತಿರದ ಒಂದು ಗೋಡಂಬಿ ರಫ್ತಿನ ಕಚೇರಿಗೆ, ಟೈಪಿಸ್ಟ್ ಕೆಲಸಕ್ಕೆ. ಇದ್ದದ್ದು ಒಂದೇ ಹುದ್ದೆ. ಅದು ಕೈತಪ್ಪಿದರೆ, ಬೊಂಬಾಯಿಯಲ್ಲಿ ಹೋಟೆಲ್ ನಡೆಸುತ್ತಿದ್ದ ಅಣ್ಣನ ಮನೆಗೆ ಅವನ ಮಕ್ಕಳನ್ನು ನೋಡಿಕೊಳ್ಳಲು ನಾನು ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ.

ಮಾಮೂಲಿ ಅಕ್ಷರವಾದರೆ ನನ್ನ ಅರ್ಜಿ ರಾಶಿಯಲ್ಲಿ ಮುಚ್ಚಿಹೋಗುತ್ತದೆಂಬ ಭಯ. ಓರೆ ಅಕ್ಷರವಾದರೆ ಮದುವೆ ಕಾಗದದ ಹಾಗೆ ಕಂಡೀತೆಂಬ ಇನ್ನೊಂದು ಭಯ. ಕೊನೆಗೆ ಧೈರ್ಯ ಮಾಡಿ, ಓರೆ ಅಕ್ಷರದಲ್ಲಿ ಟೈಪ್ ಹೊಡೆದುಕೊಡಿ ಎಂದು ಟೀಚರ ಮುಂದೆ ನಿಂತೆ.

“ನೀನೇ ಹೊಡಿ ಮಾರಾಯ್ತಿ, ಕಲಿತದ್ದು ಎಂತಕ್ಕೆ?” ಎಂದರು. ಆಮೇಲೆ ನನ್ನ ಮುಖ ನೋಡಿ ಪಾಪ ಅನಿಸಿತೋ ಏನೋ, ಹತ್ತನೆಯ ಯಂತ್ರದ ಹೊದಿಕೆ ತೆಗೆದು ತಾವೇ ಹೊಡೆದುಕೊಟ್ಟರು. ಆ ಹಾಳೆಯನ್ನು ನಾನು ಓದಲೇ ಇಲ್ಲ, ಸುಮ್ಮನೆ ನೋಡಿದೆ. ಅಷ್ಟು ಚಂದ ಇತ್ತು.

ಸಂದರ್ಶನಕ್ಕೆ ಕರೆ ಬಂತು. ಪಡೀಲಿನ ಮನೆಯಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದೆ. ಮ್ಯಾನೇಜರು ನನ್ನ ಹಾಳೆಯನ್ನು ಬೆಳಕಿಗೆ ಹಿಡಿದು ಕೇಳಿದರು, “ಒಳ್ಳೆದುಂಟು. ನೀವೇ ಟೈಪ್ ಮಾಡಿದ್ದಾ?”

ಟೈಪಿಸ್ಟ್ ಕೆಲಸಕ್ಕೆ ಬೇರೆಯವರಿಂದ ಟೈಪ್ ಮಾಡಿಸಿಕೊಂಡು ಬಂದ ಪೆದ್ದಿ ನಾನು! ಮೂರು ದಿನದ ಚಿಂತೆಯಲ್ಲಿ ಇದೊಂದು ಹೊಳೆದಿರಲಿಲ್ಲ. ಹೌದು ಎನ್ನಲೆಂದೇ ಬಾಯಿ ತೆರೆದೆ.

“ಅಲ್ಲ ಸರ್, ನಮ್ಮ ಟೀಚರ್ ಮಾಡಿದ್ದು.”

ಅವರು ಮೂಲೆಯ ಯಂತ್ರ ತೋರಿಸಿದರು. “ಇದೇ ವಿವರ ಅಲ್ಲಿ ಹೊಡೀರಿ. ಈ ಹಾಳೆ ನನ್ನ ಹತ್ರ ಇರ್ಲಿ.”

ಮಾಮೂಲಿ ಅಕ್ಷರದ ಯಂತ್ರ. ಹುಟ್ಟಿದ ಊರಿನ ಹೆಸರಲ್ಲೇ ಒಂದು ಅಕ್ಷರದ ಮೇಲೆ ಇನ್ನೊಂದು ಬಿತ್ತು. ಕೆಲಸ ಹೋಯಿತು ಅಂದುಕೊಂಡೇ ಮುಗಿಸಿ ಕೊಟ್ಟೆ.

ಅವರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಬೆರಳಿಟ್ಟು ಓದಿದರು. “ನಿಮ್ಮದರಲ್ಲಿ ಒಂದು ಸಾಲು ಕಡಿಮೆ ಉಂಟಲ್ಲ?”

ಓರೆ ಅಕ್ಷರದ ಆ ಕೊನೆಯ ಸಾಲನ್ನು ನಾನು ಆಗ ಮೊದಲ ಸಲ ಓದಿದೆ. ಈ ಹುಡುಗಿ ಸುಳ್ಳು ಹೇಳುವವಳಲ್ಲ ಎಂದು ಟೀಚರ್ ಇಂಗ್ಲಿಷಿನಲ್ಲಿ ಸೇರಿಸಿದ್ದರು.

“ಅದು ನಾನು ಬರೆದದ್ದಲ್ಲ ಸರ್. ನನಗೆ ಗೊತ್ತೇ ಇರ್ಲಿಲ್ಲ.”

“ಗೊತ್ತಾಯ್ತು,” ಎಂದರು. ತಪ್ಪಿದ್ದ ನನ್ನ ಹಾಳೆಯನ್ನು ಫೈಲಿಗೆ ಹಾಕಿಕೊಂಡು, ಚಂದದ್ದನ್ನು ವಾಪಸು ಕೊಟ್ಟರು. “ಸೋಮವಾರ ಬನ್ನಿ.”

ಮನೆಗೆ ಹೋಗುವ ಬದಲು ಟೀಚರನ್ನು ಕಾಣಲು ಬಿಜೈ ಬಸ್ಸು ಹತ್ತಿದೆ. ಇಳಿಯುವವರೆಗೂ ಆ ಒಂದು ಸಾಲನ್ನೇ ಓದಿದೆ. ಸುತ್ತ ಅಷ್ಟು ಜನ ಇದ್ದರೂ ಅಳು ತಡೆಯಲಾಗಲಿಲ್ಲ.