ಬರ್ತೀನಿ ಎಂಬ ಗುಂಡಿ

ಯಾವ ವೆಬ್ ಪುಟವನ್ನಾದರೂ ತೆರೆದು ನೋಡಿ, ಒಳಗೆ ಬರುವ ಗುಂಡಿಯನ್ನು ಮದುವೆ ಮಂಟಪದ ಬಾಗಿಲಿನಂತೆ ದೊಡ್ಡದಾಗಿ ಬಣ್ಣ ಬಳಿದು ನಿಲ್ಲಿಸಿರುತ್ತಾರೆ. ಹೊರಗೆ ಹೋಗುವ ಗುಂಡಿಯನ್ನು ಮಾತ್ರ, ಊಟ ಮುಗಿಸಿದ ಬೀಗರಿಗೆ ಹಿತ್ತಿಲ ದಾರಿ ತೋರಿಸಿದಂತೆ, ಒಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಡಗಿಸಿರುತ್ತಾರೆ. ಈ ಮಹತ್ವದ ಸಂಶೋಧನೆ ಮಾಡಿದ ಮಹಾಶಯ ನಾನೇ. ರಾಯಚೂರಿನಲ್ಲಿ ಡಿಪ್ಲೊಮಾ ಎರಡನೇ ವರ್ಷ ಓದುತ್ತಿರುವ ನಾನು ಅಂತರರಾಷ್ಟ್ರೀಯ ಖ್ಯಾತಿಯ ವೆಬ್ ವಿನ್ಯಾಸಕ. ಅಂದರೆ, ನಾನು ಬರೆದ ಕೋಡನ್ನು ಯಾವುದೋ ದೇಶದ ಒಬ್ಬ ಪುಣ್ಯಾತ್ಮ ಓದಿ, ಒಂದು ಕಡೆ ಅಲ್ಪವಿರಾಮ ಬಿಟ್ಟುಹೋಗಿದೆ ಎಂದು ತಿಳಿಸಿದ್ದಾನೆ.

ಬೇರೆ ಬೇರೆ ಕ್ಲೌಡ್‌ಗಳಲ್ಲಿ ಚೆದುರಿಬಿದ್ದ ಫೈಲುಗಳನ್ನು ಒಂದೆಡೆ ಕೂಡಿಸುವ ಓಪನ್ ಸೋರ್ಸ್ ಸಾಧನವೊಂದಿದೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಬಿಚ್ಚಿ ನೋಡಬಹುದು, ರಿಪೇರಿಯನ್ನೂ ಮಾಡಬಹುದು. ಅದಕ್ಕೆ ಬುದ್ಧಿ ಬಹಳ, ಮುಖ ಮಾತ್ರ ಇರಲಿಲ್ಲ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಆಜ್ಞೆ ಟೈಪ್ ಮಾಡಿದರಷ್ಟೇ ಮಾತು ಕೇಳುತ್ತಿತ್ತು. ಅದಕ್ಕೊಂದು ಮುಖ, ಅಂದರೆ ಕನ್ನಡದ ಗುಂಡಿಗಳಿರುವ ವೆಬ್ ಪುಟ, ಕಟ್ಟಲು ಹೊರಟದ್ದು ಲೋಕಕಲ್ಯಾಣಕ್ಕಾಗಿ ಎಂದು ಕಾಲೇಜಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೇನೆ. ನಿಮ್ಮ ಹತ್ತಿರ ಸುಳ್ಳೇಕೆ? ಕಟ್ಟಿದ್ದು ದೇವದುರ್ಗದ ನನ್ನ ಕಾಕಾನಿಗಾಗಿ.

ಕಾಕಾ ದೇವದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಿ ಹೊಲಿಯುತ್ತಾನೆ. ಕಾಕಿ ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಆಕೆಗೆ ಟೈಪ್ ಮಾಡುವುದೆಂದರೆ ಬೇಸರ. ತವರುಮನೆ ಮಾನ್ವಿಗೆ ಹೋದಾಗಲೆಲ್ಲ ಫೋನನ್ನು ಬಾಯಿಗೆ ಹಿಡಿದು, ಎಮ್ಮೆ ಕರು ಹಾಕಿದ್ದರಿಂದ ಹಿಡಿದು ತಂಗಿಯ ಸಾರಿಗೆ ಉಪ್ಪು ಹೆಚ್ಚಾದದ್ದರವರೆಗೆ, ಸಮಸ್ತ ಸಮಾಚಾರವನ್ನೂ ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಕೊನೆಗೆ, ಯಾರದೋ ಮನೆಯಲ್ಲಿ ಕೂತವಳು ಸೆರಗು ಸರಿಮಾಡಿಕೊಂಡು ಎದ್ದಂತೆ, "ಆತು, ಬರ್ತೀನಿ" ಅನ್ನದೆ ಬಿಡುತ್ತಿರಲಿಲ್ಲ.

"ಕಾಕಿ, ಫೋನಿನ್ಯಾಗಿಂದ ಎದ್ದು ಎಲ್ಲಿಗೆ ಹೋಗ್ತಿ?" ಎಂದು ಛೇಡಿಸಿದ್ದೆ.

"ಹೋಗ್ತಿ ಅನ್ನಬಾರದಲೇ ಮಂಗ್ಯಾ!" ಎಂದು ಬೈಸಿಕೊಂಡೆ.

ಆ ಮಾತುಗಳೆಲ್ಲ ಒಂದಿಷ್ಟು ಕಾಕಾನ ಹಳೆಯ ಫೋನಿನ ಕ್ಲೌಡಿನಲ್ಲಿ, ಉಳಿದವು ಕಾಕಿಯ ಕ್ಲೌಡಿನಲ್ಲಿ ಇದ್ದವು. ಕಾಕಿಯ ಫೋನಿನ ಜೊತೆ ಪುಕ್ಕಟೆ ಬಂದಿದ್ದ ಆ ಜಾಗವನ್ನು ಮುಚ್ಚುತ್ತೇವೆ, ಬೇಸಿಗೆ ಮುಗಿಯುವುದರೊಳಗೆ ಎತ್ತಿಕೊಳ್ಳದಿದ್ದರೆ ಎಲ್ಲ ಅಳಿಸಿಹೋಗುತ್ತದೆ ಎಂದು ಕಂಪನಿಯಿಂದ ಸೂಚನೆ ಬಂತು. ನಾನು ಒಂದೇ ಆಜ್ಞೆ ಕೊಟ್ಟು ಎಲ್ಲವನ್ನೂ ಎಳೆದು ತರಬಹುದಿತ್ತು. ಕಾಕಾ ಒಪ್ಪಲಿಲ್ಲ.

"ನೀ ತಂದ್ರ ನೀ ಕೇಳ್ತಿ."

"ಕೇಳಂಗಿಲ್ಲ ಕಾಕಾ, ನಿನ್ನಾಣಿ."

"ಗಂಡ ಹೆಂಡ್ತಿ ಮಾತು ಅವು. ನನಗ ಒತ್ತಾಕ ಒಂದು ಗುಂಡಿ ಹಚ್ಚಿಕೊಡು, ನಾನ ತರ್ತೀನಿ. ಊರ ಮಂದಿಗೆಲ್ಲ ನಾ ಗುಂಡಿ ಹಚ್ಚಿಕೊಟ್ಟೀನಿ, ನನಗೊಂದು ಹಚ್ಚಾಕ ನಿನಗ ಆಗಂಗಿಲ್ಲೇನು?"

ಕನ್ನಡ ಎಂಥ ಮಿತವ್ಯಯದ ಭಾಷೆ ನೋಡಿ: ಕಾಕಾ ಅಂಗಿಗೆ ಹಚ್ಚುವುದೂ ಗುಂಡಿ, ನಾನು ಪರದೆಗೆ ಹಚ್ಚುವುದೂ ಗುಂಡಿ, ದೇವದುರ್ಗದ ಬಸ್ಸು ಹಾರಿ ಬೀಳುವುದೂ ಗುಂಡಿಗೆ, ಆಗ ಝಲ್ಲೆನ್ನುವುದೂ ಗುಂಡಿಗೆ. ಬೇಸಿಗೆಯಿಡೀ ನಮ್ಮ ಮನೆಯಲ್ಲಿ ನನ್ನ ಲ್ಯಾಪ್‌ಟಾಪಿನ ಫ್ಯಾನು ಜೋಳದ ಗಿರಣಿಯಂತೆ ಒದರಿತು. "ಹಂಗ ಅದರ ಮ್ಯಾಲ ಎರಡು ರೊಟ್ಟಿ ಬೇಯಿಸಿಕೋ, ಗ್ಯಾಸಾರ ಉಳೀತದ" ಎಂದು ಅವ್ವ ಸಲಹೆ ಕೊಟ್ಟಳು. ಪುಟ ಸಿದ್ಧವಾಯಿತು. ಹೊರಗೆ ಹೋಗುವ ಗುಂಡಿಗೆ, ಎಲ್ಲರ ಹಾಗೆ ಮೂಲೆಯಲ್ಲಿಟ್ಟು, "ಬರ್ತೀನಿ" ಎಂದು ಹೆಸರಿಟ್ಟೆ.

ಅದನ್ನು ಆ ಸಾಧನದ ಮೂಲ ಯೋಜನೆಗೂ ಕಳಿಸಿದಾಗ, ಅಲ್ಲಿ ಕನ್ನಡ ಬಲ್ಲ ಪರಿಶೀಲಕರೊಬ್ಬರು, "ತಪ್ಪು ಅನುವಾದ. ‘ನಿರ್ಗಮಿಸಿ’ ಎಂದು ತಿದ್ದಿ" ಎಂದು ಬರೆದರು. ನಮ್ಮ ಕಡೆ ಯಾರೂ ನಿರ್ಗಮಿಸುವುದಿಲ್ಲ, ಬಸ್ಸುಗಳು ಮಾತ್ರ ನಿರ್ಗಮಿಸುತ್ತವೆ, ಮನುಷ್ಯರು ಬರ್ತೀನಿ ಎಂದೇ ಹೊರಡುತ್ತಾರೆ ಎಂದು ಮಹಾಪ್ರಬಂಧವನ್ನೇ ಉತ್ತರವಾಗಿ ಬರೆದೆ. ಅವರು ಒಂದು ಹೆಬ್ಬೆರಳಿನ ಚಿತ್ರ ಕಳಿಸಿದರು. ಒಪ್ಪಿದ್ದೋ, ಸುಸ್ತಾದದ್ದೋ ತಿಳಿಯಲಿಲ್ಲ.

ದೇವದುರ್ಗಕ್ಕೆ ಹೋಗಿ ಕಾಕಾನ ಮುಂದೆ ಲ್ಯಾಪ್‌ಟಾಪ್ ಇಟ್ಟು, ಕರಾರಿನಂತೆ ನಾನು ಅಂಗಡಿಯ ಹೊರಗೆ ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಬಂತು.

"ಲೇ, ಬರ್ತೀನಿ ಅಂತ ಒತ್ತಿದ್ರ ಹೊರಗ ಹಾಕ್ತದಲ್ಲೋ ನಿನ್ನ ಮಷಿನ್ನು!"

ನಾನು ನಗುತ್ತ ಒಳಗೆ ಹೋದೆ. "ಅದು ಹೊರಗ ಹೋಗೋ ಗುಂಡಿ ಕಾಕಾ. ಹೋಗೋರು ಬರ್ತೀನಿ ಅಂತಾರಲ್ಲ?"

"ಹೋಗಾಂವ ಯಾರು, ನಾನಾ?"

"ಹೂಂ ಮತ್ತ. ಒತ್ತಾಂವ ನೀನ ಅಲ್ಲೇನು?"

"ನಾ... ಆಕಿ ಅಂದಳು ಅಂತ ತಿಳಕೊಂಡೆ."

ಗುಂಡಿಯ ಮೇಲಿನ ಮಾತು ಯಾರದು, ಒತ್ತುವವರದೋ, ಪರದೆಯ ಆಚೆಗಿರುವವರದೋ? ಇಷ್ಟು ದೊಡ್ಡ ವಿನ್ಯಾಸಕನಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ನನ್ನ ನಗು ಹಲ್ಲಿನ ಹತ್ತಿರವೇ ನಿಂತುಬಿಟ್ಟಿತು. ಕಾಕಾ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಯಾರಿಗೋ ಅಳತೆ ಹೇಳುವ ದನಿಯಲ್ಲಿ ಹೇಳಿದ: "ರಾಯಚೂರ ದವಾಖಾನಿಗೆ ಒಯ್ಯೋಮುಂದ ಬಾಯಿಗೆ ಆಕ್ಸಿಜನ್ ಮಾಸ್ಕ್ ಹಾಕಿದ್ರು. ಕೈ ಎತ್ತಿದಳು. ಬರ್ತೀನಿ ಅನ್ನಾಕ ಬರಲಿಲ್ಲ."

"ಬದಲಿ ಮಾಡ್ಲೇನು ಕಾಕಾ? ನಿರ್ಗಮಿಸಿ ಅಂತ ಹಾಕ್ತೀನಿ."

"ಅದೇನಲೇ, ಬಸ್ ಸ್ಟ್ಯಾಂಡಿನ್ಯಾಗ ಮೈಕಿನ್ಯಾಗ ಒದರಿದಂಗ! ಇರಲಿ ಬಿಡು ಹಂಗ. ನೀ ಹೊರಗ ಕುಂದ್ರು."

ಮತ್ತೆ ಕಟ್ಟೆಗೆ ಬಂದೆ. ಕಾಕಾ "ತಾ" ಎಂಬ ಗುಂಡಿ ತಾನೇ ಒತ್ತಿ ಎಲ್ಲವನ್ನೂ ತನ್ನ ಫೋನಿಗೇ ತಂದುಕೊಂಡ. ಬಾಗಿಲ ಹಿಂದಿನಿಂದ ಮಾತುಗಳು ತಿಳಿಯಲಿಲ್ಲ, ಕಾಕಿಯ ದನಿಯ ಏರಿಳಿತವಷ್ಟೇ ಕೇಳಿಸಿತು. ಕೇಳುವುದಿಲ್ಲವೆಂದು ಆಣೆ ಮಾಡಿದ್ದರಿಂದ ಅಷ್ಟನ್ನೂ ಕೇಳದವನಂತೆ ಎದುರಿನ ಮಿರ್ಚಿ ಬಂಡಿಯನ್ನು ನೋಡುತ್ತ ಕೂತೆ. ಬಹಳ ಹೊತ್ತಿನ ಮೇಲೆ ದನಿ ನಿಂತಿತು. ಗುಂಡಿ ಒತ್ತಿದ ಸಣ್ಣ ಸದ್ದು. ಆಮೇಲೆ, ಹೊರಟವರನ್ನು ಬಾಗಿಲಲ್ಲಿ ನಿಂತು ಕಳಿಸುವಾಗ ನಮ್ಮ ಮಂದಿ ಹೇಳುವಂತೆಯೇ, ಕಾಕಾನ ದನಿ: "ಹೂಂ... ಬಾ."

ರಾಯಚೂರಿಗೆ ಮರಳಿದವನು ಒಂದೇ ಒಂದು ತಿದ್ದುಪಡಿ ಕಳಿಸಿದೆ: "ಬರ್ತೀನಿ"ಯನ್ನು ಮೂಲೆಯಿಂದ ಎತ್ತಿ, ಒಳಗೆ ಬರುವ ಗುಂಡಿಯಷ್ಟೇ ದೊಡ್ಡದು ಮಾಡಿ, ಪುಟದ ನಡುವೆ ಇಟ್ಟೆ. ಯಾಕೆಂದು ಪರಿಶೀಲಕರು ಕೇಳಿದರು. ಈ ಸಲ ಮಹಾಪ್ರಬಂಧ ಬರೆಯಲಿಲ್ಲ. ಕಣ್ಣು ಮಂಜಾದವರಿಗೂ ಕಾಣಲಿ ಎಂದಷ್ಟೇ ಬರೆದೆ. ವಯಸ್ಸಾದವರ ಬಗ್ಗೆ ಒಳ್ಳೆಯ ಕಾಳಜಿ ಎಂದು ಅವರು ಮೆಚ್ಚಿಕೊಂಡರು. ನಾನು ತಿದ್ದಲು ಹೋಗಲಿಲ್ಲ.